ಪರದೆ ಕಾಣದ ಮೇಷ್ಟ್ರು ಮಾಡಿದ ರಿಪೇರಿ

"ಸ್ವಲ್ಪ ಜರುಗ್ರಿ ಮೇಡಂ, ನಾನೊಂದು ಕೈ ನೋಡ್ತೀನಿ" ಎಂದರು ನಮ್ಮ ಗೋವಿನಕೋವಿ ಶಾಲೆಯ ಸಂಗೀತ ಮೇಷ್ಟ್ರು. ಅವರಿಗೆ ಕಣ್ಣು ಕಾಣುವುದಿಲ್ಲ. ಮರುದಿನ ಹತ್ತನೇ ತರಗತಿಗೆ ವಿಜ್ಞಾನ ಪರೀಕ್ಷೆ. ಮಕ್ಕಳಿಗೆ ತೋರಿಸಬೇಕಿದ್ದ ಪಾಠದ ವಿಡಿಯೊ ಶಾಲೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಬೆಳಗಿನಿಂದ ಡೌನ್‌ಲೋಡ್ ಆಗದೆ ತೆವಳುತ್ತಿತ್ತು. ವಿಜ್ಞಾನ ಕಲಿಸುವ ನಾನು ಅನುಮಾನದಿಂದಲೇ ಎದ್ದು ಜಾಗ ಬಿಟ್ಟೆ. ಮೇಷ್ಟ್ರು ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ ಚಾಲೂ ಮಾಡಿ, ಇಯರ್‌ಫೋನ್ ಹಾಕಿಕೊಂಡು ಸರಸರನೆ ಟೈಪ್ ಮಾಡಿದರು.

"ಕರೆಂಟ್ ಉಳಿಸಾಕೆ ಹೋಗಿ ವೈಫೈ ತೂಕಡಿಸ್ತಾ ಐತೆ. ಆ ಸೆಟ್ಟಿಂಗ್ ಆಫ್ ಮಾಡೀನಿ, ಈಗ ನೋಡ್ರಿ."

ಕೆಲವೇ ನಿಮಿಷಗಳಲ್ಲಿ ವಿಡಿಯೊ ಇಳಿಯಿತು. ಮಕ್ಕಳು ಪಾಠ ನೋಡಿದರು.

ಅಲ್ಲಿಯವರೆಗೆ ನಾನು ಅವರನ್ನು ಕೇಳದೆಯೇ ದಿನವೂ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದೆ. ಈಗ "ಜೊತೆಗೆ ಬರ್ಲೇನ್ರಿ ಸರ್?" ಎಂದು ಮೊದಲು ಕೇಳುತ್ತೇನೆ. ನೆರವು ಬೇಕೇ ಎಂದು ಮೊದಲು ಕೇಳಬೇಕೆಂಬುದನ್ನು ನನಗೆ ಕಲಿಸಿದ್ದಕ್ಕೂ ಅವರಿಗೆ ನಾನು ಋಣಿ.