ಕಳವು ಪತ್ತೆಯ ತಂತ್ರಾಂಶವೂ ಪಂಜದ ಗೌಡರೂ

ಏನನ್ನಾದರೂ ಹುಡುಕುತ್ತಿದ್ದೇನೆಂದು ನಮಗೆ ಮನವರಿಕೆ ಮಾಡಿಕೊಡಲು ಕಂಪ್ಯೂಟರು ಪರದೆಯ ಮೇಲೆ ಭೂತಗನ್ನಡಿಯ ಚಿತ್ರವೊಂದನ್ನು ಗಿರಗಿರನೆ ತಿರುಗಿಸುತ್ತದೆ. ನಾನು ಕನ್ನಡಕ ಹುಡುಕುವಾಗ ಹಾಗೇನೂ ಮಾಡುವುದಿಲ್ಲ. ಇದ್ದಲ್ಲೇ ನಿಂತು ಹೆಂಡತಿಯ ಹೆಸರನ್ನು ಎರಡು ಬಾರಿ ಗಟ್ಟಿಯಾಗಿ ಕರೆಯುತ್ತೇನೆ, ಕನ್ನಡಕ ಸಿಗುತ್ತದೆ. ಯಂತ್ರಕ್ಕೆ ಆ ಸೌಭಾಗ್ಯವಿಲ್ಲ. ಆದ್ದರಿಂದ ಪುತ್ತೂರಿನ ನಮ್ಮ ಮನೆಯಲ್ಲಿ, ಊಟದ ಮೇಜಿನ ಒಂದು ತುದಿಯನ್ನು ಶಾಶ್ವತವಾಗಿ ಆಕ್ರಮಿಸಿಕೊಂಡಿರುವ ಹಳೆಯ ಕಂಪ್ಯೂಟರಿನೊಳಗೆ, ಒಂದು ಭಾನುವಾರ ಬೆಳಿಗ್ಗೆ ಆ ಭೂತಗನ್ನಡಿ ಮೂರು ದೋಸೆಯಷ್ಟು ಹೊತ್ತು ತಿರುಗುತ್ತಲೇ ಇತ್ತು. ಅದರ ಮುಂದೆ ನಾನು, ಮಗಳ ಅಪರಾಧ ಯಾವ ಕ್ಷಣದಲ್ಲಿ ಬಯಲಾಗುತ್ತದೋ ಎಂದು ಬೆರಳಿನ ಚಟ್ನಿ ನೆಕ್ಕುತ್ತ ಕಾದಿದ್ದೆ.

ಈ ತಂತ್ರಾಂಶ ನಮ್ಮ ಮನೆ ಹೊಕ್ಕ ಬಗೆಯನ್ನು ಹೇಳಬೇಕು. ಮಗಳು ಅನಘಾ ಎರಡನೆಯ ಪಿಯುಸಿ ಓದುವ ಕಾಲೇಜಿನಲ್ಲಿ ಹೆತ್ತವರ ಸಭೆಯಿತ್ತು. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಬೇರೆಯವರು ಉಪದೇಶ ಮಾಡುವ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸುವುದು ನನ್ನ ಔದ್ಯೋಗಿಕ ವ್ಯಾಧಿ. ವೇದಿಕೆಯ ಮೇಲೆ ಟೈ ಕಟ್ಟಿದ ತರುಣನೊಬ್ಬ, ಮಕ್ಕಳು ಸಿನಿಮಾ, ಹಾಡುಗಳ ಕಳ್ಳಪ್ರತಿಗಳನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆಂದೂ ಕಡೆಗೆ ಉತ್ತರ ಹೇಳಬೇಕಾದವರು ಅಪ್ಪಂದಿರೆಂದೂ ಹೆದರಿಸಿ, ಹೆತ್ತವರಿಗೆಂದೇ ತಯಾರಾದ ಉಚಿತ ತಂತ್ರಾಂಶವೊಂದನ್ನು ಪರಿಚಯಿಸಿದ. ಗುಂಡಿ ಒತ್ತಿದರೆ ಸಾಕು, ಕದ್ದ ಮಾಲು ಕೆಂಪಾಗುತ್ತದೆ, ಸಾಚಾ ಮಾಲು ಹಸಿರಾಗುತ್ತದೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಗುತ್ತಿಗಾರಿನಿಂದ ಬಂದಿದ್ದ ತಂದೆಯೊಬ್ಬರು ಎದ್ದು ನಿಂತು, "ನಮ್ಮ ತೋಟಕ್ಕೆ ಆನೆ ಬರುದನ್ನು ಮೊದಲೇ ಹೇಳುವ ಸಾಫ್ಟ್‌ವೇರ್ ಎಂತದಾದ್ರೂ ಉಂಟಾ?" ಎಂದು ವಿಚಾರಿಸಿದರು. ತರುಣ ನೀರು ಕುಡಿದ. ಸಭೆಯಲ್ಲಿ ವಿವೇಕದ ಪ್ರಶ್ನೆ ಕೇಳಿದವರು ಅವರೊಬ್ಬರೇ ಎಂದು ಈಗ ನನಗೆ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ, ನಾನು ಆ ತಂತ್ರಾಂಶದ ಹೆಸರನ್ನು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಪರಸ್ವಾಪಹರಣದ ಬಗ್ಗೆ ಪ್ರವಚನ ನೀಡಿದೆ. ನಾಳೆ ತಪಾಸಣೆಯಾಗುತ್ತದೆ, ಕಳವಿನ ಮಾಲು ಸಿಕ್ಕಿದರೆ ದಾಕ್ಷಿಣ್ಯವಿಲ್ಲದೆ ಅಳಿಸಲಾಗುತ್ತದೆ ಎಂದು ಘೋಷಿಸಿದೆ. ಅನಘಾ ಸಾರಿಗೆ ಕೈಯಿಟ್ಟವಳು ತಲೆಯೆತ್ತಿ, "ಯಾರದ್ದಾದ್ರೂ?" ಎಂದು ಕೇಳಿದಳು. "ಯಾರದ್ದೇ ಆದರೂ" ಎಂದೆ ನಾನು, ಗಂಟಲನ್ನು ತುಸು ಗಂಭೀರ ಮಾಡಿಕೊಂಡು. ತಂತ್ರಾಂಶ ಕುಟುಂಬ ಸದಸ್ಯರ ಫೋನ್ ಸಂಖ್ಯೆಗಳನ್ನು ಕೇಳಿದಾಗ ಪಡಿತರ ಚೀಟಿಗೆ ತುಂಬಿದಂತೆ ಮೂವರದನ್ನೂ ಶ್ರದ್ಧೆಯಿಂದ ತುಂಬಿದ್ದೆ. ಯಾಕೆ ಕೇಳುತ್ತದೆಂದು ಓದುವ ತಾಳ್ಮೆ ನನಗಿರಲಿಲ್ಲ. ಮಕ್ಕಳಿಗೆ ಮಾತ್ರ ನಾನು ಪ್ರಶ್ನೆಪತ್ರಿಕೆಯನ್ನು ಎರಡು ಬಾರಿ ಓದಿರೆಂದು ಬುದ್ಧಿ ಹೇಳುವುದು.

ಭೂತಗನ್ನಡಿ ನಿಂತಿತು. ಅನಘಾಳ ಕಡತಕೋಶ ಗದ್ದೆಯ ಹಾಗೆ ಹಸಿರು. ಅದರಲ್ಲಿದ್ದದ್ದು ರಸಾಯನಶಾಸ್ತ್ರದ ಟಿಪ್ಪಣಿಗಳು ಮತ್ತು ಪಕ್ಕದ ಮನೆಯ ಬೆಕ್ಕು ನಿದ್ರಿಸುತ್ತಿರುವ ನಲವತ್ತು ಫೋಟೋಗಳು. ಅದರ ಕೆಳಗೆ 'ಅಪ್ಪ - ಇತರೆ' ಎಂಬ ಕೋಶ, ಒಡೆತನದ ಗುರುತಿಲ್ಲದ ನಾನೂರ ಹನ್ನೆರಡು ಧ್ವನಿಕಡತಗಳೊಂದಿಗೆ ಕೆಂಪಗೆ ಉರಿಯುತ್ತಿತ್ತು. ಅದೇ ಕ್ಷಣದಲ್ಲಿ ಮನೆಯ ಮೂರು ಮೂಲೆಗಳಿಂದ ಮೂರು ಫೋನುಗಳು ಒಟ್ಟಿಗೆ ಟಿಣ್ಣೆಂದವು: ತಪಾಸಣೆಯ ವರದಿ ಮೂವರಿಗೂ ತಲುಪಿತ್ತು. ಅಡುಗೆಮನೆಯಿಂದ ಹೆಂಡತಿ ಶೈಲಾ ಫೋನು ಹಿಡಿದುಕೊಂಡೇ ಬಂದಳು. "ಕಳ್ಳನನ್ನು ಹಿಡೀಲಿಕ್ಕೆ ಹೋಗಿ ಮನೆಗೆ ಕನ್ನಡಿ ತಂದ್ರಾ?" ಎಂದವಳೇ ನಾಲ್ಕನೆಯ ದೋಸೆಯನ್ನು ಮಗಳ ತಟ್ಟೆಗೆ ಹಾಕಿ ಹೋದಳು.

ಕಳವಿನ ಮಾಲು ಸಿಗಬೇಕಾದರೆ ಮೊದಲು ಕೂಡಿಡುವ ಚಟ ಇರಬೇಕೆಂಬ ಸರಳ ಸತ್ಯ ನನಗೆ ಹೊಳೆದಿರಲಿಲ್ಲ. ಈಗಿನ ಮಕ್ಕಳು ಏನನ್ನೂ ಕೂಡಿಡುವುದಿಲ್ಲ, ನೋಡುತ್ತಾರೆ, ಬಿಡುತ್ತಾರೆ. ಹಳೆಯ ಬೋಲ್ಟು, ಹಾರ್ಲಿಕ್ಸಿನ ಖಾಲಿ ಬಾಟಲಿ, ಮದುವೆಯಾಗಿ ಮಗುವಾದವರ ಮದುವೆ ಕಾಗದ, ಹೀಗೆ ಯಾವುದನ್ನೂ ಎಸೆಯಲಾಗದ ನಮ್ಮ ತಲೆಮಾರೇ ಈ ಅಪರಾಧಕ್ಕೆ ಸರ್ವಥಾ ಯೋಗ್ಯವಾದದ್ದು.

ಆ ನಾನೂರ ಹನ್ನೆರಡೂ ಹಳೆಯ ಕ್ಯಾಸೆಟ್ಟುಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡ ತಾಳಮದ್ದಳೆಯ ಧ್ವನಿಮುದ್ರಣಗಳು. ನಮ್ಮ ಕಡೆಯವರಲ್ಲದ ಓದುಗರಿಗಾಗಿ ಹೇಳುತ್ತೇನೆ: ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟ ನಾಲ್ಕೈದು ಮಂದಿ ಚಕ್ಕಳಮಕ್ಕಳ ಹಾಕಿ ಕೂತು, ಭಾಗವತರು ಪದ್ಯ ಹಾಡಿದ ಮೇಲೆ ರಾಜನಾಗಿ, ವೈರಿಯಾಗಿ ಆ ಹೊತ್ತಿಗೆ ಬಾಯಿಗೆ ಬಂದ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಆ ಮಾತಿಗೆ ಅರ್ಥವೆಂದು ಹೆಸರು, ಹಾಗೆ ಮಾತಾಡುವವರು ಅರ್ಥಧಾರಿಗಳು. ನನ್ನ ತಾರುಣ್ಯದಲ್ಲಿ ಸುಳ್ಯ, ಕಡಬದ ಕಡೆಯ ಯಾವ ಕೂಟಕ್ಕೆ ಹೋದರೂ ಧ್ವನಿವರ್ಧಕದ ಬುಡದಲ್ಲಿ ಹತ್ತಾರು ಟೇಪ್ ರೆಕಾರ್ಡರುಗಳು ಮರಿಗಳ ಹಾಗೆ ಮಲಗಿರುತ್ತಿದ್ದವು. ಒಂದು ಕೂಟದ ಕ್ಯಾಸೆಟ್ಟು ಕೊಟ್ಟು ಇನ್ನೊಂದರ ಪ್ರತಿ ಪಡೆಯುವುದು, ಪ್ರತಿಯ ಪ್ರತಿ ಮಾಡುವುದು, ಕೊನೆಗೆ ಮಾತಿಗಿಂತ ಜೀರುಂಡೆಯೇ ಸ್ಪಷ್ಟವಾಗಿ ಕೇಳುವುದು. ಇದನ್ನು ಯಾರೂ ಕಳವೆಂದು ಕರೆದವರಲ್ಲ. ದೇವರಿಗೆಂದು ನೆರೆಮನೆಯ ದಾಸವಾಳ ಕೊಯ್ಯುವ, ಕದ್ದು ತಂದ ಗಿಡಕ್ಕೇ ಬೇಗ ಬೇರು ಬರುವುದೆಂದು ಬಲವಾಗಿ ನಂಬಿರುವ ಜನ ನಾವು.

ಮಗಳು ನ್ಯಾಯಪೀಠವಾಗಿ ಪಕ್ಕದ ಕುರ್ಚಿಗೆ ಬಂದಳು. ತಂತ್ರಾಂಶ ಎರಡು ದಾರಿ ತೋರಿಸಿತ್ತು: 'ಅಳಿಸು' ಎಂಬುದು ಒಂದು, 'ಒಡೆಯರ ಒಪ್ಪಿಗೆ ಇದೆ' ಎಂಬುದು ಇನ್ನೊಂದು. ಕಲಾವಿದರ ಕಣ್ಣೆದುರೇ ಪೆಟ್ಟಿಗೆ ಇಟ್ಟದ್ದೆಂದೂ ಕೆಲವರು ತಾವೇ ತಂತಿ ಸರಿಪಡಿಸಿ ಕೊಟ್ಟಿದ್ದರೆಂದೂ ನಾನು ವಾದಿಸಿದೆ. ಅವಳು ಒಂದೊಂದನ್ನೇ ವಿಚಾರಿಸಿ ಖುಲಾಸೆ ಮಾಡುತ್ತ ಬಂದಳು. "ಇದು?" ಎಂದು ಒಂದರ ಮೇಲೆ ಬೆರಳಿಟ್ಟಾಗ ಮಾತ್ರ ನನ್ನ ವಾಗ್ಮಿತೆ ಕೈಕೊಟ್ಟಿತು. ಕೇಳದೆ ತೆಗೆದದ್ದು ಅದೊಂದೇ, ಅಳಿಸಲು ನನ್ನಿಂದಾಗದ್ದೂ ಅದೊಂದೇ.

ಅದು ಪಂಜವೆಂಬ ಊರಿನ ಪದ್ಮಯ್ಯ ಗೌಡರ ಅರ್ಥ. ಸೋತ ರಾಜನ ಪಾತ್ರವೆಂದರೆ ಗೌಡರು. ಸೋಲನ್ನು ಅಷ್ಟು ಠೀವಿಯಿಂದ ಹೊತ್ತವರನ್ನು ನಾನು ಕಂಡಿಲ್ಲ. ಧ್ವನಿಮುದ್ರಣವೆಂದರೆ ಅವರಿಗೆ ಆಗದು. ಆಡಿದ ಮಾತು ಆ ಹೊತ್ತಿನ ಊಟ, ಅದನ್ನು ಡಬ್ಬಿಗೆ ತುಂಬಿ ಒಯ್ಯಬಾರದು ಎಂದು ಅವರು ಮೊದಲೇ ಹೇಳಿ ಕೂರುತ್ತಿದ್ದರು. ಮೂವತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಪಂಜದ ಸಭಾಭವನವೊಂದರಲ್ಲಿ, ಇಪ್ಪತ್ತರ ಹರೆಯದ ನಾನು ಸಂತೆಚೀಲದೊಳಗೆ ಟೇಪ್ ರೆಕಾರ್ಡರ್ ಇಟ್ಟು ಮೇಲೆ ಹೆಗಲ ಮೇಲಿನ ಟವೆಲು, ನಮ್ಮ ಕಡೆಯ ಬೈರಾಸು, ಮುಚ್ಚಿ ವೇದಿಕೆಯ ಬುಡದಲ್ಲೇ ಕೂತೆ. ಗೆದ್ದ ರಾಜ ಕೇಳಿದ: "ನಿನ್ನ ರಾಜ್ಯದಲ್ಲಿ ನಿನಗೆಂದು ಏನನ್ನು ಬಿಟ್ಟುಕೊಡಲಿ?" ಗೌಡರು ಕಣ್ಣು ಮುಚ್ಚಿದರು. ಚೀಲದೊಳಗೆ ಟಕ್ ಎಂದಿತು: ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಿತ್ತು. ಚೀಲದೊಳಗೆ ಎರಡೂ ಕೈ ತೂರಿಸಿ, ಬೈರಾಸಿನ ನೂಲು ಬೆರಳಿಗೆ ಸುತ್ತಿಕೊಂಡು, ಬೆವರುತ್ತ ಅದನ್ನು ಮಗುಚಿ ಹಾಕುವಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು.

ಆ ಉತ್ತರವನ್ನು ಯಂತ್ರವೂ ಹಿಡಿಯಲಿಲ್ಲ, ಪಕ್ಕದಲ್ಲೇ ಇದ್ದ ನಾನೂ ಕೇಳಲಿಲ್ಲ. ಆಮೇಲೆ ಅದು ಪ್ರಸಿದ್ಧವಾಯಿತು. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳಿದರು, ಯಾವುದೂ ಗೌಡರ ಮಾತಿನ ಹಾಗಿರಲಿಲ್ಲ. ಅವರನ್ನೇ ಕೇಳೋಣವೆಂದರೆ, ಅಷ್ಟು ಹತ್ತಿರ ಕೂತಿದ್ದವನಿಗೆ ಕೇಳಿಸಲಿಲ್ಲವೇಕೆ ಎಂಬ ಪ್ರಶ್ನೆ ಬರುತ್ತದೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗಲೆಲ್ಲ ಅವರು ನನ್ನನ್ನು ಒಂದು ಬಗೆಯಾಗಿ ನೋಡಿ, "ಹಸಿವು ಉಂಟಾ ಮೇಷ್ಟ್ರೆ?" ಎನ್ನುತ್ತಿದ್ದರು. ನಾನದನ್ನು ಸೌಜನ್ಯವೆಂದುಕೊಂಡು ಉಂಟು ಎನ್ನುತ್ತಿದ್ದೆ. ಐದಾರು ವರ್ಷಗಳ ಹಿಂದೆ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟ ಮೇಲೆ ಗೌಡರು ಕೂಟಗಳಿಗೆ ಹೋಗುವುದನ್ನೇ ಬಿಟ್ಟರು. ಬೊಚ್ಚುಬಾಯಿಯ ರಾಜ ಸೋತರೆ ಜನ ಮರುಗುವುದಿಲ್ಲ, ನಗುತ್ತಾರೆ ಎಂಬುದು ಅವರ ನಿಲುವು.

"ಅವರ ಹತ್ರ ಹೋಗಿ ಕೇಳಿ. ಒಪ್ಪಿದ್ರೆ ಇಟ್ಕೊಳ್ಳಿ, ಇಲ್ಲದಿದ್ರೆ ನಾನೇ ಅಳಿಸುದು" ಎಂದಳು ಅನಘಾ. ಕಣ್ಗಾವಲಿಗಾಗಿ ತಾನೂ ಬಂದಳು. ಮುಂದಿನ ಭಾನುವಾರ ಪಂಜದ ದಾರಿಯುದ್ದಕ್ಕೂ ನಾನು ಕಾರು ಓಡಿಸುತ್ತ ತಪ್ಪೊಪ್ಪಿಗೆಯ ಪೀಠಿಕೆಯನ್ನು ಮನಸ್ಸಿನಲ್ಲೇ ತಿದ್ದಿದೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಕಡತ ಹೋದರೆ ಹೋಗಲಿ. ಗೌಡರ ಕಣ್ಣಲ್ಲಿ ಕಳ್ಳನಾಗಿ ಆ ಮನೆಯಿಂದ ಇಳಿದು ಬರುವುದು ಮಾತ್ರ ಬೇಡವಾಗಿತ್ತು.

ಗೌಡರು ಜಗಲಿಯಲ್ಲಿ ರಬ್ಬರು ಶೀಟುಗಳನ್ನು ಮಡಚಿಡುತ್ತಿದ್ದರು. ನನ್ನ ಪೀಠಿಕೆ ಮೂರನೆಯ ವಾಕ್ಯದಲ್ಲೇ ಎಡವಿತು. ಮಗಳು ಹೆಚ್ಚು ಕಾಯದೆ, "ಅಜ್ಜ, ಅಪ್ಪ ನಿಮ್ಮ ಅರ್ಥವನ್ನು ಕದ್ದು ರೆಕಾರ್ಡ್ ಮಾಡಿದ್ದಾರೆ. ಚೀಲದಲ್ಲಿ" ಎಂದುಬಿಟ್ಟಳು. ಗೌಡರು ಕೈಯಲ್ಲಿದ್ದ ಶೀಟನ್ನು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದರು.

"ಆ ದಿನ ನಿಮ್ಮ ಕೈ ಚೀಲಕ್ಕೆ ಹೋದದ್ದು ಅದಕ್ಕಾ?"

ಹೌದೆಂದೆ.

"ನಾನು ಕಣ್ಣು ಬಿಡುವಾಗ ನೀವು ಎರಡೂ ಕೈಯನ್ನು ಚೀಲಕ್ಕೆ ಹಾಕಿದ್ರಿ. ಮಂಡಕ್ಕಿ ತಿನ್ನುದು ಅಂತ ಗ್ರಹಿಸಿದೆ ಮಾರಾಯ್ರೆ. ಅಷ್ಟು ಒಳ್ಳೆ ಉತ್ತರ ಬರುವಾಗ ಈ ಜನಕ್ಕೆ ಹಸಿವಾಯ್ತಲ್ಲ ಅಂತ ಇವತ್ತಿನವರೆಗೂ ಬೇಜಾರುಂಟು ನನಗೆ."

ಮೂವತ್ತು ವರ್ಷಗಳ ಆ ಸೌಜನ್ಯ ನನಗೆ ಅರ್ಥವಾದದ್ದು ಆಗ. ಕಳ್ಳನೆನ್ನಿಸಿಕೊಳ್ಳಲು ಸಿದ್ಧನಾಗಿ ಹೋಗಿದ್ದೆ. ಇಷ್ಟು ಕಾಲ ಹೊಟ್ಟೆಬಾಕನಾಗಿದ್ದೆನೆಂದು ತಿಳಿದು ಹೆಚ್ಚು ನಾಚಿಕೆಯಾಯಿತು. "ಅದನ್ನೊಮ್ಮೆ ಕೇಳಿಸಿ" ಎಂದರು ಗೌಡರು. ಮಗಳು ಆ ಕಡತವನ್ನು ತುಂಬಿಕೊಂಡು ತಂದಿದ್ದ ಫೋನನ್ನು ಮೆಟ್ಟಿಲ ಮೇಲಿಟ್ಟಳು. ಜೀರುಂಡೆಗಳ ನಡುವೆ ನಲವತ್ತರ ಹರೆಯದ, ಹಲ್ಲಿರುವ ಗೌಡರು ಮಾತಾಡತೊಡಗಿದರು. ಎಪ್ಪತ್ತು ದಾಟಿದ ಗೌಡರು ತಲೆ ತಗ್ಗಿಸಿ ಕೇಳಿದರು. ಒಂದು ಕಡೆ "ಇಲ್ಲಿ ಎಳೆದದ್ದು ಹೆಚ್ಚಾಯ್ತು" ಎಂದು ಗೊಣಗಿದರು. ಗೆದ್ದ ರಾಜನ ಪ್ರಶ್ನೆ ಬಂತು. ಟಕ್ ಎಂದಿತು. ಚಪ್ಪಾಳೆ.

"ಉತ್ತರ ಎಲ್ಲಿ ಹೋಯ್ತು?" ಎಂದರು ಗೌಡರು.

ಹೇಳಿದೆ. ನಾನೂ ಕೇಳಲಿಲ್ಲವೆಂಬುದನ್ನೂ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಕಟ್ಟಿಸಿದ ಹಲ್ಲು ಹಾಕಿಕೊಂಡು ಬಂದರು, ಹೆಗಲ ಬೈರಾಸನ್ನು ಕೊಡವಿ ನೇರ ಮಾಡಿಕೊಂಡರು, ಮಗಳ ಕಡೆ ತಿರುಗಿ, "ಮಗೂ, ಪ್ರಶ್ನೆಯನ್ನು ಇನ್ನೊಮ್ಮೆ ಕೇಳು" ಎಂದರು. ಅನಘಾ ಬೆನ್ನು ನೆಟ್ಟಗೆ ಮಾಡಿ ಕೇಳಿದಳು: "ನಿನ್ನ ರಾಜ್ಯದಲ್ಲಿ ನಿನಗೆಂದು ಏನನ್ನು ಬಿಟ್ಟುಕೊಡಲಿ?" ನನ್ನ ಕೈ ತಾನಾಗಿ ಅಂಗಿಯ ಕಿಸೆಯ ಫೋನಿನತ್ತ ಹೊರಟಿತು. ಮಗಳು ಅತ್ತ ತಿರುಗದೆಯೇ ನನ್ನ ಮಣಿಕಟ್ಟು ಹಿಡಿದಳು. ಗೌಡರು ಕಣ್ಣು ಮುಚ್ಚಿ, ತೆರೆದು, ಉತ್ತರ ಹೇಳಿದರು. ಕೃತಕ ಹಲ್ಲು ಎರಡು ಬಾರಿ ಕಟಕಟ ಎಂದಿತು. ನಾನು ನಗಲಿಲ್ಲ.

ಮುಗಿದ ಮೇಲೆ ಅವರು ತೀರ್ಪು ಕೊಟ್ಟರು. "ಚೀಲಕ್ಕೆ ಬಿದ್ದದ್ದು ನಿಮಗಿರಲಿ. ಚೀಲಕ್ಕೆ ಬೀಳದ್ದು ಉಂಟಲ್ಲ, ಅದು ನನಗಿರಲಿ."

ಹಿಂತಿರುಗುವಾಗ ಆ ಉತ್ತರವನ್ನು ಮನಸ್ಸಿನಲ್ಲಿ ಹೊರಳಿಸುತ್ತ ಬಂದೆ. ಕಾಣಿಯೂರಿಗೆ ಬರುವಾಗ ಅದರ ಕೊನೆಯ ವಾಕ್ಯ ಜಾರಿತು, ಸವಣೂರಿನಲ್ಲಿ ನಡುವಿನದು. ಮೂವತ್ತು ವರ್ಷ ಕೇಳುವ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ನನ್ನ ಕಿವಿಗೆ ಉಳಿದ ಶಕ್ತಿ ಅಷ್ಟೇ. ಮಗಳಿಗೆ ಇಡೀ ಉತ್ತರ ನೆನಪಿತ್ತು. ಒಮ್ಮೆ ಹೇಳೆಂದರೆ, ಅಜ್ಜನನ್ನು ಕೇಳದೆ ಹೇಳುವುದಿಲ್ಲವೆಂದಳು. ಮನೆಗೆ ಬಂದು 'ಒಡೆಯರ ಒಪ್ಪಿಗೆ ಇದೆ' ಎಂಬುದನ್ನು ಒತ್ತಿದೆ. ಭೂತಗನ್ನಡಿ ಒಂದು ಸುತ್ತು ತಿರುಗಿ ಕಡತವನ್ನು ಹಸಿರು ಮಾಡಿತು. ಈಗಲೂ ಅದನ್ನು ಹಾಕಿ ಕೇಳುತ್ತೇನೆ. ಆ ಪ್ರಶ್ನೆ ಬಂದೊಡನೆ ನಿಲ್ಲಿಸಿ, ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಚಪ್ಪಾಳೆಯಿಂದ ಮುಂದುವರಿಸುತ್ತೇನೆ.

ಆ ಉತ್ತರ ಏನೆಂದು ನೀವು ಕೇಳುತ್ತೀರಿ, ಗೊತ್ತು. ನೆನಪಿರುವ ಅರ್ಧವನ್ನೂ ಇಲ್ಲಿ ಬರೆಯಲಾರೆ, ಅದು ನನ್ನದಲ್ಲ. ಪಂಜಕ್ಕೆ ಹೋಗಿ, ತಿನ್ನಲು ಮೆತ್ತಗಿನದೇನಾದರೂ ಒಯ್ಯಿರಿ, ಪ್ರಶ್ನೆಯನ್ನು ಬೆನ್ನು ನೆಟ್ಟಗಿಟ್ಟುಕೊಂಡು ಕೇಳಿ. ಗೌಡರು ಉತ್ತರ ಹೇಳುವಷ್ಟು ಹೊತ್ತೂ ಎರಡೂ ಕೈಗಳನ್ನು ಅವರಿಗೆ ಕಾಣುವಂತೆ ಮಡಿಲಲ್ಲಿಟ್ಟುಕೊಂಡಿರಿ.