ಬರ್ಮೀಸ್, ಬಲೂಚಿ ಮತ್ತು ಮಾಸ್ತರರ ಕೆಂಪು ಗೆರೆ

ಕಳೆದ ಶನಿವಾರ ಗ್ಯಾರೇಜಿನ ಮೂಲೆಯಲ್ಲಿದ್ದ ಒಂದು ರಟ್ಟಿನ ಡಬ್ಬದ ಟೇಪು ಕಿತ್ತೆ. ಒಣಮೀನಿನ ಹಳೆಯ ವಾಸನೆ ಮೂಗಿಗೆ ಬಡಿಯಿತು. ಮೊಟ್ಟೆಯನ್ನೂ ಬೇಯಿಸದ ಮನೆ ನಮ್ಮದು. ಹೆಂಡತಿ ಮೂಗು ಮುಚ್ಚಿಕೊಂಡು, ಇದನ್ನು ಮೊದಲು ಕಸಕ್ಕೆ ಹಾಕಿ ಎಂದು ಒಳಗೆ ಹೋದಳು. ನನಗೆ ವಾಕರಿಕೆ ಬಂದದ್ದು ನಿಜ. ಆದರೆ ಅದು ಮೀನಿನಿಂದ ಬಂದದ್ದಲ್ಲ.

ಹಿಂದಿನ ದಿನ ಮೈಸೂರಿನ ನನ್ನ ಸೋದರತ್ತೆ ವಾಟ್ಸಾಪಿನಲ್ಲಿ ಒಂದು ಲೇಖನ ಕಳಿಸಿದ್ದರು. ‘ಬರ್ಮೀಸ್, ಬಲೂಚಿ: ಕನ್ನಡದ ಇಬ್ಬರು ಮಕ್ಕಳು’. ಕೆಳಗೆ ಮಾಸ್ತರರ ಹೆಸರು, ಅದರ ಕೆಳಗೆ ಆರು ಜೋಡಿ ಕೈಮುಗಿದ ಚಿತ್ರಗಳು. ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಂತೆ! ಅದರ ಒಂದೊಂದು ಸಾಲೂ ನನಗೆ ಗೊತ್ತು, ಏಕೆಂದರೆ ಬರೆದವನು ನಾನೇ.

ಮಾಸ್ತರರು ಧಾರವಾಡದಲ್ಲಿ ಭಾಷಾಶಾಸ್ತ್ರ ಕಲಿಸಿ ನಿವೃತ್ತರಾಗಿ, ಇಲ್ಲಿ ಅಮೆರಿಕದ ಫ್ಲವರ್ ಮೌಂಡ್‌ನ ಮಗಳ ಮನೆಗೆ ಬಂದಿದ್ದರು. ಆಗ ನಮ್ಮ ಮನೆ ಅದೇ ಬೀದಿಯಲ್ಲಿತ್ತು. ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮಗಳಿಗೆ ಆಸ್ಪತ್ರೆಯ ಡ್ಯೂಟಿ. ಹಾಗಾಗಿ ಶನಿವಾರ ಬೆಳಿಗ್ಗೆ ನಾನೇ ಅವರನ್ನು ಪಕ್ಕದೂರು ಫಾರ್ಮರ್ಸ್ ಬ್ರಾಂಚ್‌ನ ಒಂದು ಹಳೆಯ ಅಂಗಡಿಸಾಲಿಗೆ ಬಿಟ್ಟುಬರುತ್ತಿದ್ದೆ. ಅಲ್ಲಿ ಬರ್ಮಾದ ಹೆಂಗಸೊಬ್ಬಳ ದಿನಸಿ ಅಂಗಡಿ ಇತ್ತು, ಅದರ ಪಕ್ಕದಲ್ಲೇ ಬಲೂಚಿಸ್ತಾನದವನೊಬ್ಬನ ಟೈರ್ ಅಂಗಡಿ. ಇಬ್ಬರ ನಡುವೆ ಒಂದು ಬೆಂಚು. ಮಾಸ್ತರರು ಆ ಬೆಂಚಿನ ಮೇಲೆ ಕೂತು, ಇಬ್ಬರನ್ನೂ ಕೇಳಿ ಕೇಳಿ, ಕಾರ್ಡುಗಳ ಮೇಲೆ ಅವರ ಮಾತುಗಳನ್ನು ಬರೆದುಕೊಳ್ಳುತ್ತಿದ್ದರು. ಕಾರ್ಡು ಹಾಕಿಡಲು ಆಕೆ ಒಣಮೀನು ಬಂದಿದ್ದ ಖಾಲಿ ಡಬ್ಬ ಕೊಟ್ಟಿದ್ದಳು. ಜನಿವಾರದ ಮಾಸ್ತರರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಬರುವಾಗ ನಾನು ನಾಲ್ಕೂ ಕಿಟಕಿ ಇಳಿಸುತ್ತಿದ್ದೆ. ಅವರು ನಗುತ್ತಿದ್ದರು…

ಸಂಬಂಧವೇ ಇಲ್ಲದ ಎರಡು ಭಾಷೆಗಳನ್ನು ಯಾಕೆ ಹೋಲಿಸುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಬೀಗರಾಗುವ ಆಸೆ ಇಲ್ಲದೆ ನೋಡಿದರೇನೇ ಕಣ್ಣಿಗೆ ನೆಟ್ಟಗೆ ಕಾಣುತ್ತದೆ ಎಂದಿದ್ದರು. ಆ ಹೆಂಗಸು ಯಾರು ಬಂದರೂ ಮೊದಲು ಅನ್ನ ತಿಂದೆಯಾ ಎಂದು ಕೇಳುತ್ತಾಳೆ, ಟೈರಿನವನು ಹಾಲ್ ಕೇಳುತ್ತಾನೆ ಎಂದು ವಿವರಿಸಿದ್ದರು. ಹಾಲ್ ಎಂದರೆ ಬರೀ ಕ್ಷೇಮಸಮಾಚಾರವಲ್ಲ. ಹಿಂದಿನ ಭೇಟಿಯಿಂದ ಇಲ್ಲಿಯವರೆಗೆ ಕಂಡದ್ದು, ಕೇಳಿದ್ದು, ಮಾಡಿದ್ದು ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಕೇಳುವವನು ನಡುವೆ ಬಾಯಿ ಹಾಕುವಂತಿಲ್ಲ. ಟೈರಿನವನು ಕೆಲಸ ನಿಲ್ಲಿಸಿ ಮಾಸ್ತರರ ಇಡೀ ವಾರದ ಹಾಲ್ ಕೇಳುತ್ತಿದ್ದನಂತೆ. ಮನೆಯಲ್ಲಿ ಅಷ್ಟು ಹೊತ್ತು ಅವರ ಮಾತು ಕೇಳುವವರು ಯಾರೂ ಇರಲಿಲ್ಲ.

ಆ ವರ್ಷ ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ನಾನು ಸಂಪಾದಕ. ಮಾಸ್ತರರು ನಾಲ್ಕು ಪುಟದ ಲೇಖನ ಕೊಟ್ಟರು. ಬರ್ಮೀಸ್ ಟಿಬೆಟ್ ಕಡೆಯ ಬಳಗದ್ದು, ಬಲೂಚಿ ಇರಾನಿನ ಕಡೆಯದು, ಎರಡಕ್ಕೂ ಪರಸ್ಪರ ನಂಟಿಲ್ಲ, ಕನ್ನಡಕ್ಕೂ ನಂಟಿಲ್ಲ ಎಂದು ಮೊದಲ ಪುಟದಲ್ಲೇ ಬರೆದಿದ್ದರು. ಅಧ್ಯಕ್ಷರು ಓದಿ ಮುಖ ಸಿಂಡರಿಸಿದರು. ಜನಕ್ಕೆ ಹೆಮ್ಮೆ ಅನ್ನಿಸುವ ಹಾಗೆ ಸ್ವಲ್ಪ ಎಡಿಟ್ ಮಾಡಿ ಎಂದರು. ಮಾಡಿದೆ. ಬರ್ಮೀಸಿನಲ್ಲಿ ತಾಯಿಗೆ ‘ಅಮೇ’ ಅನ್ನುತ್ತಾರೆ, ಅದು ನಮ್ಮ ಅಮ್ಮ. ಅವರ ಲಿಪಿ ದುಂಡಗಿದೆ, ಅದು ನಮ್ಮಿಂದ ಹೋದದ್ದು. ಬಲೂಚಿಯಲ್ಲಿ ನೀರು ‘ಆಪ್’, ಅದು ಹಳಗನ್ನಡದಲ್ಲಿ ನೀರಿಗಿದ್ದ ನಮ್ಮ ಅಪ್ಪು. ಒಂದು ಮಧ್ಯಾಹ್ನದಲ್ಲಿ ಎರಡು ದೇಶ ಗೆದ್ದುಬಿಟ್ಟೆ. ನಮ್ಮ ಮನೆಯ ಮಕ್ಕಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನಮಗೋ ಬರ್ಮಾದವರು ಕನ್ನಡದ ಮಕ್ಕಳಾಗಬೇಕಿತ್ತು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನೆನೆದರೆ ಈಗಲೂ ಥೂ ಅನ್ನಿಸುತ್ತದೆ.

ಸಂಚಿಕೆ ಬಿಡುಗಡೆಯ ದಿನ ಅವರಿಗೆ ಶಾಲು ಹೊದಿಸಿ ಪೇಟ ಇಟ್ಟೆವು. ಒಳಗೆ ಏನಿದೆ ಎಂದು ತಿಳಿಯದೆ ಅವರು ಸಭೆಗೆ ಕೈಮುಗಿದರು. ಆ ಚಪ್ಪಾಳೆಯಲ್ಲಿ ನನ್ನ ಎರಡು ಕೈಗಳೂ ಇದ್ದವು.

ಮುಂದಿನ ಶನಿವಾರ ಎಂದಿನಂತೆ ಕಾರು ತಂದೆ. ಮಾಸ್ತರರು ಹತ್ತಲಿಲ್ಲ. ಕೈಯಲ್ಲಿ ಸಂಚಿಕೆ ಇತ್ತು.

“ಲೇಖನ ಬಂದ ಮ್ಯಾಲೆ ಓದಿ ಹೇಳ್ತೀನಿ ಅಂತ ಆ ಇಬ್ಬರಿಗೂ ಮಾತು ಕೊಟ್ಟಿದ್ದೆ ತಮ್ಮಾ,” ಎಂದರು. “ಈಗ ಯಾವ ಮಾರಿ ಇಟಗೊಂಡು ಓದ್ಲಿ? ಅವರ ಭಾಷಾ ಅವರ ಮನ್ಯಾಗ ಛಲೋ ಅದಾವ. ನಾವ್ಯಾಕ ಹೋಗಿ ಹೆತ್ತವರಾಗಬೇಕು?”

ಇದು ನನ್ನದಲ್ಲ ಎಂದು ಕೂಟದ ಮುಂದಿನ ತಿಂಗಳ ಪತ್ರಿಕೆಯಲ್ಲಿ ಒಂದೇ ಒಂದು ಸಾಲು ಹಾಕು, ಸಾಕು ಎಂದು ಕೇಳಿಕೊಂಡರು. ಹಾಕುತ್ತೇನೆ ಅಂದೆ. ಅಧ್ಯಕ್ಷರಿಗೆ ಬೇಜಾರಾಗುತ್ತದೆ ಎಂದು ಆ ತಿಂಗಳು ಹಾಕಲಿಲ್ಲ. ಆಮೇಲೆ ಯುಗಾದಿ ಬಂತು, ಆಮೇಲೆ ಪಿಕ್ನಿಕ್ ಬಂತು… ಮಾಸ್ತರರು ಮತ್ತೆ ಕೇಳಲಿಲ್ಲ. ಆ ಬೆಂಚಿಗೆ ಮತ್ತೆ ಹೋಗಲೂ ಇಲ್ಲ. ಟೈರಿನವನು ಒಮ್ಮೆ ನನ್ನನ್ನು ತಡೆದು, ನಿಮ್ಮ ಚಾಚಾಗೆ ನನ್ನ ಮೇಲೆ ಸಿಟ್ಟಾ ಎಂದು ಹಿಂದಿಯಲ್ಲಿ ಕೇಳಿದ. ಹುಷಾರಿಲ್ಲ ಎಂದು ಸುಳ್ಳು ಹೇಳಿ ಬಂದೆ. ಮರುವರ್ಷ ಆ ಸುಳ್ಳು ನಿಜವಾಯಿತು. ಮಾಸ್ತರರು ಉಳಿಯಲಿಲ್ಲ.

ನಾನು ಹ್ಯೂಸ್ಟನ್‌ಗೆ ಶಿಫ್ಟ್ ಆಗುವ ವಾರ ಅವರ ಮಗಳು ಈ ಡಬ್ಬ ತಂದುಕೊಟ್ಟು, ಅಪ್ಪ ಇದನ್ನು ನಿಮಗೇ ಕೊಡಬೇಕು ಅಂದಿದ್ದರು ಎಂದಳು. ಇಲ್ಲಿನ ತೈಲ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರ್‌ನ ಆಫೀಸಿಗೆ ಹೋಗಿಬರುತ್ತಾ ಆರು ವರ್ಷ ಅದನ್ನು ಮುಟ್ಟದೆ ಇದ್ದೆ. ವಾಸನೆ ಎಂಬ ನೆಪ ಇತ್ತಲ್ಲ.

ಕಾರ್ಡುಗಳ ಮೇಲೆ ಆ ಸ್ಮರಣ ಸಂಚಿಕೆ ಇತ್ತು. ಪ್ರತಿ ಸಾಲನ್ನೂ ತಿದ್ದಿರುತ್ತಾರೆ ಎಂದುಕೊಂಡು ಪುಟ ತಿರುಗಿಸಿದೆ. ಒಂದಕ್ಷರವನ್ನೂ ತಿದ್ದಿರಲಿಲ್ಲ. ಕೊನೆಯಲ್ಲಿದ್ದ ತಮ್ಮ ಹೆಸರಿನ ಮೇಲೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ಒಂದು ನೇರ ಗೆರೆ ಎಳೆದಿದ್ದರು. ಅದರ ಮುಂದೆ ನನ್ನ ಹೆಸರು ಬರೆಯಬಹುದಿತ್ತು. ಬರೆದಿರಲಿಲ್ಲ, ಜಾಗ ಬಿಟ್ಟಿದ್ದರು.

ಅಲ್ಲೇ ನಿಂತು ನಮ್ಮ ನೆಂಟರ ಗುಂಪಿಗೂ ಹಳೆಯ ಕೂಟದ ಗುಂಪಿಗೂ ಬರೆದೆ. ಈ ಲೇಖನ ಮಾಸ್ತರರದ್ದಲ್ಲ, ನಾನು ಬರೆದದ್ದು, ಇದರಲ್ಲಿರುವುದು ಸುಳ್ಳು ಎಂದು. ಹತ್ತು ನಿಮಿಷದಲ್ಲಿ ಹೆಬ್ಬೆರಳುಗಳು ಬಂದವು. ಓ ನೀವೇ ಬರೆದದ್ದಾ, ಸೂಪರ್ ಸರ್, ಎಂದು ಒಬ್ಬರು. ಗುರುವಿಗೆ ತಕ್ಕ ಶಿಷ್ಯ ಎಂದು ನಮ್ಮ ಅಧ್ಯಕ್ಷರು. ಸಂಜೆಯ ಹೊತ್ತಿಗೆ ಅದೇ ಲೇಖನ ಆಸ್ಟಿನ್‌ನ ಗೆಳೆಯನೊಬ್ಬನಿಂದ ನನಗೇ ಬಂತು. ಕೆಳಗೆ ಈಗ ಎರಡು ಹೆಸರುಗಳಿದ್ದವು. ಮಾಸ್ತರರದ್ದು, ಅದರ ಪಕ್ಕ ನನ್ನದು.

ಡಬ್ಬ ಎಸೆದಿಲ್ಲ. ಈಗ ನನ್ನ ಬರೆಯುವ ಮೇಜಿನ ಕೆಳಗಿದೆ. ಮನೆಯೆಲ್ಲ ನಾರುತ್ತದೆ, ನಾರಲಿ. ಮುಚ್ಚಿಡದೆ ಎಲ್ಲವನ್ನೂ ಹೇಳಬೇಕು ಎಂದು ಮಾಸ್ತರರು ಕಲಿಸಿದ್ದ ಆ ಹಾಲ್ ಇದು. ನಡುವೆ ಬಾಯಿ ಹಾಕದೆ ಕೇಳಬೇಕಾಗಿದ್ದ ಅವರೇ ಈಗ ಇಲ್ಲ.