ಎಂಟರಲ್ಲಿ ತುಳಿದವ

ಶೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯವನಿಗೆ ಎದೆನೋವು ಬಂದು ಹೋಗಿತ್ತು. ಮನೆಯಲ್ಲೇ ತುಳಿಯುವ ಸೈಕಲ್ ತಂದರು. ಒಂದರಿಂದ ಹತ್ತರ ತನಕ ಅಂಕಿ ಬರೆದ ತಿರುಪು ತಿರುಗಿಸಿದರೆ ಒಂದು ಪಟ್ಟಿ ಚಕ್ರವನ್ನು ಬಿಗಿ ಹಿಡಿಯುತ್ತದೆ, ತುಳಿಯೂದು ಭಾರ ಆಗ್ತದೆ. ಐದರಲ್ಲಿ ಏದುಸಿರಿಲ್ಲದೆ ತುಳಿದರೆ ಮಾತ್ರ ಗದ್ದೆಗೆ ಇಳಿ ಅಂದಿದ್ದರು ಡಾಕ್ಟರು.

ವಾರದೊಳಗೆ ಎಂಟಕ್ಕೆ ಇಟ್ಟು ತುಳಿದ. ಬಂದವರಿಗೆಲ್ಲ ಮೀಸೆ ನೀವಿ, "ಹೋರಿ ಕಾಲು!" ಅನ್ನುತ್ತಿದ್ದ. ನನಗೂ ಅಂದ.

"ನಾಳೆ ಗದ್ದೆ ನೆಟ್ಟಿಗೆ ಇಳಿತೆ, ಅಕ್ಕಾ."

ನಾನು ಕೈಯಲ್ಲೇ ಪೆಡಲ್ ತಿರುಗಿಸಿದೆ. ಬುರ್ರನೆ ತಿರುಗಿತು.

"ಎಣ್ಣೆ ಹಾಕಿದ್ಯೇನೋ?"

"ಪಟ್ಟಿ ಕಿರ್ ಅಂತಿತ್ತು. ಕೊಬ್ಬರಿ ಎಣ್ಣೆ ಬಿಟ್ಟೆ."

"ಪಟ್ಟಿ ಜಾರ್ತದೆ ಮಾರಾಯ. ನೀ ತುಳಿದದ್ದು ಬರೀ ಗಾಳಿ."

ಪಟ್ಟಿ, ಚಕ್ರ ಎರಡನ್ನೂ ಸಾಬೂನು ಹಾಕಿ ತಿಕ್ಕಿ ಒಣಗಿಸಿದೆ. ಮತ್ತೆ ಹತ್ತಿದ. ಎರಡಕ್ಕೇ ಬೆವರಿ ಇಳಿದು ಕೂತ.

ಆ ವರ್ಷ ಹೆಂಡತಿ ನೆಟ್ಟಳು. ಇವನು ಬದುವಿನ ಮೇಲೆ ಕೂತು, ಸಾಲು ಓರೆ ಅಂತ ಬೈದ. ಬೈಯಲಿಕ್ಕೆ ಉಸಿರಿತ್ತು.